ಹೊಳೆಗಿಳಿಯೋ ಮುಂಚೆ ಮಂಡಿಪೇಟೆ

ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಕಯಾಕ್ ನಡೆಸಬೇಕು ಅನ್ನೋ ಹುಡುಗರು ಲೈಫ್ ಜಾಕೆಟ್ ಬಗ್ಗೆ ಕೇಳ್ತಾರೆ, ಚಳಿ ಬಗ್ಗೆ ಕೇಳಲ್ಲ. ದಾವಣಗೆರೆ ಬಿಸಿಲಲ್ಲಿ ಎಲ್ಲಿಯ ಚಳಿ ಅನ್ನಬೇಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಕಾವು ಎಳ್ಕೊಳ್ಳುತ್ತೆ. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತೆ, ಬೆರಳಿಗೆ ಗಂಟು ಬಿಚ್ಚೋಕಾಗಲ್ಲ. ಹೊಳೆ ತುಂಬಿ ಹರಿಯುವಾಗಂತೂ ಇಳಿಯಲೇಬೇಡಿ.

ದಡದಲ್ಲಿ ಗಾಳಿಗೆ ಮರೆ ಕಟ್ಟೋಕೆ ತಾಡಪಾಲು, ನೈಲಾನ್ ಹಗ್ಗ ಬೇಕು, ದಾವಣಗೆರೆಯ ಮಂಡಿಪೇಟೆ ಕಡೆಯೇ ನೋಡಿ. ತಾಡಪಾಲಿನ ಮೂಲೆಯ ಲೋಹದ ಕಣ್ಣು ಜಗ್ಗಿ ನೋಡಿ ತಗೊಳ್ಳಿ. ಗಾಳಿಗೆ ಮೊದಲು ಕಿತ್ತು ಬರೋದು ಅದೇ.

ಬೆಳ್ಳಿ ಹಾಳೆಯಂಥ ಎಮರ್ಜೆನ್ಸಿ ಬ್ಲಾಂಕೆಟ್ ಜೇಬಲ್ಲಿ ಹಿಡಿಯುತ್ತೆ, ಇರಲಿ. ಆದರೆ ಅದು ಮೈಕಾವನ್ನು ಮೈಗೇ ತಿರುಗಿಸುತ್ತೆ ಅಷ್ಟೆ, ತಾನಾಗಿ ಬಿಸಿ ಕೊಡಲ್ಲ, ಬೇಗ ಹರಿಯುತ್ತೆ ಕೂಡ. ನನ್ನ ಆಯ್ಕೆ ಕುರಿ ಉಣ್ಣೆಯ ಕಂಬಳಿ. ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತೆ, ಹತ್ತಿ ಬಟ್ಟೆ ಹಾಗಲ್ಲ. ಭಾರ ನಿಜ, ನೀರು ಕುಡಿದರೆ ಇನ್ನೂ ಭಾರ. ಅದಕ್ಕೇ ಒಂದು ಜೊತೆ ಒಣ ಬಟ್ಟೆ ಸಮೇತ ಎರಡು ದಪ್ಪ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಬಾಯಿ ಮಡಚಿ ಬಿಗಿದು ದೋಣಿಗೆ ಕಟ್ಟಿ. ಯಾರಾದರೂ ನೀರಿಗೆ ಬಿದ್ದರೆ ದಡ ಸೇರಿದ ತಕ್ಷಣ ಒದ್ದೆ ಅಂಗಿ ಬಿಚ್ಚಿಸಿ, ಮೈ ಒರೆಸಿ, ಕಂಬಳಿ ಅರ್ಧ ಕೆಳಗೆ ಹಾಸಿ ಅರ್ಧ ಮೇಲೆ ಹೊದಿಸಿ. ನೆಲವೂ ಕಾವು ಎಳೆಯುತ್ತೆ.