ದೆವ್ವದ ಪಿಚ್ಚರ್ ಮತ್ತು ಎರಡು ಎಕರೆ

ಶುಕ್ರವಾರ ಊಟದ ಹೊತ್ತಿಗೆ ಕೋಡ್ ಬಗ್ಗೆ ಮಾತಾಡಬಾರದು ಅನ್ನೋದು ನಮ್ಮ ಟೀಮಿನ ಅಲಿಖಿತ ನಿಯಮ. ಮೊನ್ನೆ ಎಂಬತ್ತರ ದಶಕದ ಹಾರರ್ ಸಿನೆಮಾಗಳ ಮಾತು ಬಂತು. ಒಬ್ಬ 'ಈವಿಲ್ ಡೆಡ್' ಅಂದ. ಇನ್ನೊಬ್ಬಳು 'ದಿ ಶೈನಿಂಗ್' ಅಂದಳು. ಪುಣೆಯ ಹುಡುಗ ರಾಮ್ಸೆ ಸಹೋದರರ 'ಪುರಾನಾ ಮಂದಿರ್' ಅಂತ ಹೇಳಿ ಎಲ್ಲರನ್ನೂ ನಗಿಸಿದ. ನನ್ನ ಸರದಿ ಬಂದಾಗ 'ನಾ ನಿನ್ನ ಬಿಡಲಾರೆ' ಅಂದೆ. ಒಬ್ಬ ಕೂಡಲೇ ಫೋನ್ ತೆಗೆದು ನೋಡಿ, "ಅದು 1979ರದ್ದು ಗುರು, ಲಿಸ್ಟಿಗೆ ಬರಲ್ಲ" ಅಂದುಬಿಟ್ಟ.

ನಮ್ಮ ದಢೇಸುಗೂರಿಗೆ ಅದು ಬಂದದ್ದು 1996ರ ಸುಮಾರಿಗೆ ಅಂತ ಅವನಿಗೆ ಹೇಗೆ ಹೇಳೋದು? ಸಿನೆಮಾ ಬಿಡುಗಡೆಯಾದ ವರ್ಷ ಬೇರೆ, ಊರಿಗೆ ಮುಟ್ಟಿದ ವರ್ಷ ಬೇರೆ. ಸಿಂಧನೂರಿನಿಂದ ಬಾಡಿಗೆಗೆ ಟಿವಿ, ವಿಸಿಪಿ ತಂದು ಗುಡಿ ಮುಂದೆ ಇಟ್ಟರೆ ಒಂದು ರಾತ್ರಿಗೆ ಮೂರು ಪಿಚ್ಚರ್. ಮೊದಲು ದೇವರದು, ಆಮೇಲೆ ರಾಜಕುಮಾರ್‌ದು, ಹೆಂಗಸರು ಮಕ್ಕಳು ಅರ್ಧ ನಿದ್ದೆಗೆ ಜಾರಿದ ಮೇಲೆ ದೆವ್ವದ್ದು. ಅನಂತ್‌ನಾಗ್ ಮೈಮೇಲೆ ಕಾಮಿನಿ ಬಂದಾಗ ನಾನು ಅವ್ವನ ಸೆರಗಿನೊಳಗೆ ಮುಖ ಮುಚ್ಚಿಕೊಂಡು, ಒಂದೇ ಕಣ್ಣಲ್ಲಿ ನೋಡಿದ್ದೆ. ಕೊನೆಗೆ ಕಾಪಾಡೋಕೆ ಮಂತ್ರಾಲಯದ ರಾಯರೇ ಬೇಕಾಗುತ್ತೆ. ಮಂತ್ರಾಲಯ ಇರೋದೂ ನಮ್ಮೂರ ಹೊಳೆಯ ದಂಡೆಗೇ, ತುಂಗಭದ್ರೆಯ ಗುಂಟ ಕೆಳಗೆ ಹೋದರೆ ಸಿಗುತ್ತೆ. ದೆವ್ವ ಎಷ್ಟೇ ಜೋರಿದ್ದರೂ ರಾಯರು ಹತ್ತಿರದಲ್ಲೇ ಇದ್ದಾರೆ ಅನ್ನೋ ಧೈರ್ಯ ನಮಗಿತ್ತು. 'ಶೈನಿಂಗ್' ನೋಡುವಾಗ ಆ ಸೌಲಭ್ಯ ಇಲ್ಲ.

ಆಮೇಲೆ ಬಂದದ್ದು ತುಳಸಿದಳ. ನಮ್ಮ ಕಡೆ ಡ್ಯಾಮಿನ ನೀರು ಬಂದಮೇಲೆ ಆಂಧ್ರದಿಂದ ಬಂದವರು ಕಟ್ಟಿಕೊಂಡ ಕ್ಯಾಂಪುಗಳಿವೆಯಲ್ಲ, ಅಲ್ಲಿನ ಗೆಳೆಯನ ಮನೆಯಲ್ಲಿ ಯಂಡಮೂರಿ ವೀರೇಂದ್ರನಾಥರ ಕಾದಂಬರಿ ತೆಲುಗಿನಲ್ಲೇ ಇತ್ತು. ಅವನ ಅಕ್ಕ ಓದಿ ಕಥೆ ಹೇಳೋಳು. ಕಾಶ್ಮೋರಾ ಅನ್ನೋ ಪದ ಕೇಳಿಯೇ ನಾವು ರಾತ್ರಿ ಹೊರಗೆ ಒಂದಕ್ಕೆ ಹೋಗೋದು ಬಿಟ್ಟಿದ್ದೆವು. ಕನ್ನಡದಲ್ಲಿ ಅದು 1985ರಲ್ಲೇ ಸಿನೆಮಾ ಆಗಿತ್ತು. ಅದರ ಮುಂದಿನ ಭಾಗ ತೆಲುಗಿನಲ್ಲಿ 'ಕಾಶ್ಮೋರಾ' ಆಯಿತು. ಎಷ್ಟೋ ವರ್ಷದ ಮೇಲೆ, 2008ರಲ್ಲಿ, ರಾಮ್‌ಗೋಪಾಲ್ ವರ್ಮಾರ 'ಫೂಂಕ್' ನೋಡಿದಾಗ, ಅದೂ ನಮ್ಮ ಸುದೀಪ್ ಅಪ್ಪನ ಪಾತ್ರದಲ್ಲಿ, ನನಗೆ ಅದೇ ತುಳಸಿಯ ನೆರಳು ಕಂಡಿತು. ಆದರೆ ಯಾವ ಸಿನೆಮಾವೂ ಆ ಅಕ್ಕ ಹೇಳಿದ ಕಥೆಯಷ್ಟು ಹೆದರಿಸಲಿಲ್ಲ. ಕಾದಂಬರಿಯಲ್ಲಿ ಒಂದು ಕಡೆ ಡಾಕ್ಟರು, ಹಿಪ್ನಾಟಿಸಂ. ಇನ್ನೊಂದು ಕಡೆ ಮಂತ್ರವಾದಿ. ಮಗುವನ್ನು ಉಳಿಸಿದ್ದು ಯಾವುದು ಅನ್ನೋದು ತಕ್ಕಡಿಯಲ್ಲಿ ತೂಗುತ್ತಲೇ ಇರುತ್ತೆ. ಸಿನೆಮಾದವರು ಏನಾದರೊಂದು ತೋರಿಸಲೇಬೇಕು. ತೋರಿಸಿದ ಕೂಡಲೇ ತಕ್ಕಡಿ ಒಂದು ಕಡೆ ವಾಲಿಬಿಡುತ್ತೆ.

ಒಂದು ಕಥೆಯನ್ನು ಬೇರೆ ಬೇರೆಯವರು ಹೇಗೆ ಮಾಡಿದ್ದಾರೆ ಅಂತ ಹೋಲಿಸಿ ನೋಡೋ ಚಟ ಹತ್ತಿಸಿದ್ದು ಮಾತ್ರ 'ತರ್ಕ'. ಸುನೀಲ್ ಕುಮಾರ್ ದೇಸಾಯಿಯವರ ಮೊದಲ ಸಿನೆಮಾ, 1989. ಮೂಲ ಅಗಾಥಾ ಕ್ರಿಸ್ಟಿಯ 'ದಿ ಅನೆಕ್ಸ್‌ಪೆಕ್ಟೆಡ್ ಗೆಸ್ಟ್' ಅನ್ನೋ 1958ರ ನಾಟಕ. ರಾತ್ರಿ ಹೊತ್ತು ಅಪರಿಚಿತನೊಬ್ಬ ಒಂದು ಮನೆ ಹೊಕ್ಕರೆ ಒಳಗೆ ಗಂಡನ ಹೆಣ, ಪಕ್ಕದಲ್ಲಿ ಹೆಂಡತಿ. ಇದನ್ನೇ ಬಿ.ಆರ್. ಚೋಪ್ರಾ 1973ರಲ್ಲಿ 'ಧುಂಧ್' ಮಾಡಿದ್ದರು. ಅದರಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹೂಂಕರಿಸುವ ಡ್ಯಾನಿಯನ್ನು ಮರೆಯೋಕಾಗಲ್ಲ, ಒಪ್ಪುತ್ತೇನೆ. ಆದರೆ ನಡುನಡುವೆ ಹಾಡು. ದೇಸಾಯಿ ಒಂದೇ ಒಂದು ಹಾಡೂ ಇಡಲಿಲ್ಲ. ಇದರ ಬೆಲೆ ವಿಸಿಪಿ ಮುಂದೆ ಕೂತವರಿಗೆ ಗೊತ್ತು. ನಮಗೆ ಹಾಡು ಅಂದರೆ ಎದ್ದು ಹೋಗಿ ಬರೋ ಹೊತ್ತು, ಬೀಡಿ ಹಚ್ಚೋ ಹೊತ್ತು, ಭಯ ಇಳಿಯೋ ಹೊತ್ತು. 'ತರ್ಕ' ಹಾಕಿದ ರಾತ್ರಿ ಯಾರಿಗೂ ಏಳೋಕೆ ಸಂದು ಸಿಗಲಿಲ್ಲ. ಶಂಕರ್‌ನಾಗ್ ಒಂದು ಕಡೆ, ಹೆಂಡತಿಯನ್ನು ಹಿಂಸಿಸೋ ದೇವರಾಜ್ ಒಂದು ಕಡೆ, ನಡುವೆ ಸಿಕ್ಕ ವನಿತಾ ವಾಸು. ಮರುವರ್ಷವೇ ತಮಿಳಿನಲ್ಲಿ ಕೆ.ಎಸ್. ರವಿಕುಮಾರ್ ಇದನ್ನು 'ಪುರಿಯಾದ ಪುದಿರ್' ಮಾಡಿ ನಿರ್ದೇಶಕರಾದರು. ರಘುವರನ್ ಅದರಲ್ಲಿ "ಐ ನೋ" ಅಂತ ಹೇಳ್ತಾ ಹೋಗೋದು ಚೆನ್ನಾಗಿದೆ. ಆದರೂ ನನ್ನ ವೋಟು ದೇಸಾಯಿಗೆ. ಬೇಕಾದರೆ ಊರಭಿಮಾನ ಅನ್ನಿ.

ಊಟದ ಹೊತ್ತಿನಲ್ಲಿ ನಾನು ಹೇಳದೇ ಬಿಟ್ಟದ್ದು ಇನ್ನೊಂದು ಸಿನೆಮಾ. ಹಿಂದಿಯದು, 'ಗೆಹರಾಯಿ', 1980. ಅರುಣಾ ರಾಜೆ ಮತ್ತು ವಿಕಾಸ್ ದೇಸಾಯಿ ನಿರ್ದೇಶನ, ಬರವಣಿಗೆಯಲ್ಲಿ ವಿಜಯ್ ತೆಂಡೂಲ್ಕರ್ ಇದ್ದಾರೆ. ಹಿಂದಿ ಸಿನೆಮಾ ಆದರೂ ಕಥೆ ನಮ್ಮದೇ. ಬೆಂಗಳೂರಿನಲ್ಲಿ ನೆಲೆಸಿದ ಚೆನ್ನಬಸಪ್ಪ, ಅಂದರೆ ಶ್ರೀರಾಮ್ ಲಾಗೂ, ಊರಲ್ಲಿರೋ ಜಮೀನನ್ನು ಸೋಪಿನ ಫ್ಯಾಕ್ಟರಿಗೆ ಮಾರುತ್ತಾನೆ. ಅದನ್ನು ಎಷ್ಟೋ ವರ್ಷ ನೋಡಿಕೊಂಡಿದ್ದ ಬಸವ ಸಂಕಟಪಡುತ್ತಾನೆ. ಸ್ವಲ್ಪ ದಿನಕ್ಕೆ ಚೆನ್ನಬಸಪ್ಪನ ಮಗಳ ಮೈಮೇಲೆ ಏನೋ ಬರುತ್ತೆ. ಮಗಳಾಗಿ ಪದ್ಮಿನಿ ಕೊಲ್ಹಾಪುರೆ, ಅಣ್ಣನಾಗಿ ಮತ್ತೆ ನಮ್ಮ ಅನಂತ್‌ನಾಗ್.

ಇದನ್ನು ನಾನು ನೋಡಿದ್ದು 2020ರ ಜೂನಿನಲ್ಲಿ, ಲಾಕ್‌ಡೌನಿನಲ್ಲಿ ಊರಿಂದಲೇ ಕೆಲಸ ಮಾಡುವಾಗ. ಆ ಹೊತ್ತಿಗೆ ಬೆಂಗಳೂರಲ್ಲಿ ಒಂದು ಫ್ಲ್ಯಾಟ್ ನೋಡಿಟ್ಟಿದ್ದೆ. ಡೌನ್ ಪೇಮೆಂಟಿಗೆ ಸಿರುಗುಪ್ಪ ರಸ್ತೆ ಕಡೆಯ ಎರಡು ಎಕರೆ ಗದ್ದೆ ಮಾರೋಣ ಅಂತ ಅಪ್ಪನಿಗೆ ಆರು ತಿಂಗಳಿಂದ ಹೇಳುತ್ತಿದ್ದೆ. ಅಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಎಕ್ಸೆಲ್ ಶೀಟ್ ಮಾಡಿ ತೋರಿಸಿದ್ದೆ: ಎಕರೆಗೆ ಎಷ್ಟು ಚೀಲ ನೆಲ್ಲು, ಗೊಬ್ಬರದ ಖರ್ಚು, ಕೂಲಿ, ಉಳಿಯೋದು ಎಷ್ಟು, ಬ್ಯಾಂಕ್ ಬಡ್ಡಿ ಎಷ್ಟು. ಲೆಕ್ಕ ಸರಿಯಾಗೇ ಇತ್ತು.

ಒಂದು ರಾತ್ರಿ ಕರೆಂಟ್ ಹೋಗಿ ಸೆಕೆಗೆ ನಿದ್ದೆ ಬರದೆ, ಲ್ಯಾಪ್‌ಟಾಪಲ್ಲಿ ಇಳಿಸಿಟ್ಟಿದ್ದ 'ಗೆಹರಾಯಿ' ಹಾಕಿದೆ. ಅಪ್ಪನೂ ಕಟ್ಟೆ ಮೇಲೆ ಬಂದು ಕೂತರು. ಕಥೆ ಏನು ಅಂತ ಮರೆತು ಹಾಕಿದ್ದೆ ಅಂದರೆ ಸುಳ್ಳಾಗುತ್ತೆ, ಓದಿದ್ದೆ. ನನಗೆ ಬೇಕಾದದ್ದು ಅಮರೀಶ್ ಪುರಿಯ ಮಾಂತ್ರಿಕ. ಜಮೀನಿನ ವಿಷಯ ಅಷ್ಟು ಎದ್ದು ಬರುತ್ತೆ ಅಂದುಕೊಂಡಿರಲಿಲ್ಲ. ಹುಡುಗಿಯ ಬಾಯಿಂದ ಅಪ್ಪನ ಹಳೇ ಪಾಪ ಒಂದೊಂದಾಗಿ ಹೊರಗೆ ಬರುವಾಗ ನಾನು ಹಿಂದಿ ಅರ್ಥ ಹೇಳೋದು ನಿಲ್ಲಿಸಿದೆ. ಅಪ್ಪನಿಗೆ ಅರ್ಥ ಬೇಕೂ ಇರಲಿಲ್ಲ. ನಮ್ಮ ಜಿಲ್ಲೆಯವರಿಗೆ ಹಿಂದಿ ತಕ್ಕಮಟ್ಟಿಗೆ ಬರುತ್ತೆ.

ಮುಗಿದಾಗ ಅಪ್ಪ ಎದ್ದು ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು.

"ಎಲ್ಲಾ ಸರಿ. ಮಾರೂಕಿಂತ ಮದ್ಲ ಆ ಬಸವಗ ಒಂದು ಮಾತು ಯಾಕ ಕೇಳಲಿಲ್ಲ ಅಂವ?"

"ಅದು ಅವನ ಹೊಲ ಅಲ್ಲಲ್ಲಪ್ಪ. ಚೆನ್ನಬಸಪ್ಪಂದು."

"ಹೌದು, ಹೊಲ ಚೆನ್ನಬಸಪ್ಪಂದ" ಅಂದು ಮಲಗೋಕೆ ಹೋದರು.

ನಮ್ಮ ಎರಡು ಎಕರೆಯನ್ನು ನಾನು ಹುಟ್ಟೋಕೆ ಮೊದಲಿಂದ ನೋಡಿಕೊಂಡು ಬಂದದ್ದು ಒಬ್ಬ ಕಾಕಾ. ರಕ್ತಸಂಬಂಧ ಅಲ್ಲ, ಆದರೂ ಕಾಕಾ. ರಾತ್ರಿ ನೀರು ಬಿಟ್ಟಾಗ ಬ್ಯಾಟರಿ ಹಿಡಿದು ಮಡಿ ತಿರುವುತ್ತಿದ್ದದ್ದು ಅವನು. ಬಿಇ ಓದುವಾಗ ಹಾಸ್ಟೆಲಿಗೆ ಅಕ್ಕಿ ಚೀಲ ಹೊತ್ತು ತಂದದ್ದೂ ಅವನೇ. ನನ್ನ ಎಕ್ಸೆಲ್ ಶೀಟಿನಲ್ಲಿ ಅವನು 'ಕೂಲಿ' ಅನ್ನೋ ಕಾಲಮ್ಮಿನಲ್ಲಿದ್ದ.

ಮರುದಿನ ಅಪ್ಪ ಗದ್ದೆಗೆ ಹೋಗಿ ಬದುವಿನ ಮೇಲೆ ಕೂತು ಕಾಕಾನಿಗೆ ಸಿನೆಮಾದ ಕಥೆ ಪೂರ್ತಿ ಹೇಳಿದರಂತೆ. ಆಮೇಲೆ ನನ್ನ ಫ್ಲ್ಯಾಟಿನ ವಿಷಯ. ಕಾಕಾ ಅಂದದ್ದಿಷ್ಟೇ: "ನಾಟಿ ಹಾಕೀವಿ. ಇದೊಂದು ಬೆಳಿ ತಕ್ಕೊಂಡು ಮಾರ್ರಿ."

ಬೆಳೆ ಬಂತು. ಮಾರಿದೆವು. ಅಪ್ಪ ಅದರಲ್ಲಿ ಕಾಕಾನಿಗೆ ಒಂದಿಷ್ಟು ಕೊಟ್ಟರು. ಎಷ್ಟು ಅಂತ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕಾಕಾ ಈಗ ಸಿಂಧನೂರಿನ ಒಂದು ರೈಸ್‌ಮಿಲ್ಲಿನಲ್ಲಿ ರಾತ್ರಿ ಕಾವಲಿಗೆ ಹೋಗುತ್ತಾನೆ.

ಸ್ಟೀಫನ್ ಕಿಂಗ್‌ಗೆ ಕುಬ್ರಿಕ್ ಮಾಡಿದ 'ಶೈನಿಂಗ್' ಹಿಡಿಸಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಕಿಂಗ್ ಬರೆದದ್ದರಲ್ಲಿ ಬಾಯ್ಲರ್ ಸಿಡಿದು ಹೋಟೆಲೇ ಸುಟ್ಟುಹೋಗುತ್ತೆ. ಕುಬ್ರಿಕ್‌ನಲ್ಲಿ ಹೋಟೆಲ್ ಹಾಗೇ ಉಳಿಯುತ್ತೆ, ಮನುಷ್ಯ ಹಿಮದಲ್ಲಿ ಸೆಟೆದು ಸಾಯುತ್ತಾನೆ. ಮೊದಲೆಲ್ಲ ನಾನು ಕುಬ್ರಿಕ್ ಪಾರ್ಟಿ. ಈಗೀಗ ಕಿಂಗ್ ಕಡೆ ವಾಲುತ್ತಿದ್ದೇನೆ. ಸುಟ್ಟುಹೋದರೆ ಒಂದು ಲೆಕ್ಕ ಮುಗಿದ ಹಾಗಾದರೂ ಆಗುತ್ತೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಕಾಕಾ ಸಿಕ್ಕ. ಮಿರ್ಚಿ ಮಂಡಕ್ಕಿ ತಿಂದೆವು, ದುಡ್ಡು ಕೊಡೋಕೆ ಬಿಡಲಿಲ್ಲ. "ಮನಿ ಎಷ್ಟನೇ ಮಾಳಿಗಿ ಮ್ಯಾಲ ಐತಿ ತಮ್ಮಾ?" ಅಂತ ಕೇಳಿದ.

"ಹನ್ನೊಂದನೇದು ಕಾಕಾ."

"ಹಂಗಾರ ಚಿಂತಿಲ್ಲ ಬಿಡು. ಅಷ್ಟು ಮ್ಯಾಲ ದೆವ್ವ ಹತ್ತಂಗಿಲ್ಲ" ಅಂತ ಹೇಳಿ ಜೋರಾಗಿ ನಕ್ಕ. ನಾನೂ ನಕ್ಕೆ. ಅಷ್ಟರಲ್ಲಿ ಅವನ ಬಸ್ ಬಂತು.