ಸುಡುಮಣ್ಣಿನ ಹೊಗೆ ಏಳುವ ಅಡ್ಕಗಳು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆ ಸೀತಾಂಗೋಳಿ, ನೀರ್ಚಾಲುಗಳ ಮೂಲಕ ಮೂಡು ದಿಕ್ಕಿಗೆ ಸಾಗುತ್ತದೆ. ಮಳೆಗಾಲದಲ್ಲಿ ಹಸಿರು ಹೊದೆಯುವ ಇಲ್ಲಿಯ ಮುರಕಲ್ಲಿನ ಅಡ್ಕಗಳ ಮೇಲೆ ಮಾಘದ ಹೊತ್ತಿಗೆ ಹುಲ್ಲು ಒಣಗಿ, ಕಲ್ಲಿನ ಕರಿಮೈ ತೋರುತ್ತದೆ. ಆ ದಿನಗಳ ಮುಂಜಾನೆ ಅಡ್ಕದ ಬುಡದ ಹಿತ್ತಿಲುಗಳಿಂದ ತೆಳುವಾದ ಹೊಗೆ ಏಳುತ್ತದೆ. ಊರವರಿಗೆ ಕಣ್ಣಿನಿಂದ ನೋಡಬೇಕಾಗಿಲ್ಲ. ವಾಸನೆಯಿಂದಲೇ ಅದು ಸುಡುಮಣ್ಣಿನ ಹೊಗೆಯೆಂದು ತಿಳಿಯುತ್ತದೆ.

ಕ್ರಮ ಸರಳವಾದುದು. ಗುಡಿಸಿದ ತರಗೆಲೆ, ಒಣಗಿದ ಸೋಗೆ, ಕೊತ್ತಳಿಗೆ, ಅಡಿಕೆ ಸಿಪ್ಪೆ, ಗೆರಟೆಯ ಚೂರು ಇವನ್ನೆಲ್ಲ ಒಂದು ಪದರ ಹಾಸಿ, ಮೇಲೆ ಕೆರೆದ ಮಣ್ಣನ್ನು ಒಂದು ಪದರ ಹರಡಿ, ಹೀಗೆಯೇ ಗುಪ್ಪೆ ಕಟ್ಟಿ ಬುಡಕ್ಕೆ ಬೆಂಕಿಯಿಡುತ್ತಾರೆ. ಜ್ವಾಲೆ ಕಾಣಿಸಿದಲ್ಲೆಲ್ಲ ಮಣ್ಣು ಮುಚ್ಚಬೇಕು. ಅದೇ ಇಲ್ಲಿಯ ಜಾಣ್ಮೆ. ಗಾಳಿ ಸಿಗದ ಕಸ ಬೂದಿಯಾಗಿ ಮುಗಿದುಹೋಗದೆ, ಒಳಗೊಳಗೇ ಕಮರಿ ಬಹುಪಾಲು ಇದ್ದಿಲಾಗಿ ಉಳಿಯುತ್ತದೆ. ಮಣ್ಣಿನಲ್ಲಿದ್ದ ಕಳೆಯ ಬೀಜವೂ ಸಾಯುತ್ತದೆ. ಬಸಳೆ, ಅಲಸಂಡೆ, ಮಲ್ಲಿಗೆಯ ಬುಡಕ್ಕೆ ಇದಕ್ಕಿಂತ ಹಿತವಾದುದಿಲ್ಲವೆಂಬುದು ಅಜ್ಜಿಯಂದಿರ ತೀರ್ಪು.

ಈ ತೀರ್ಪಿಗೆ ಆಧಾರವನ್ನು ನೆಲದಲ್ಲಿಯೇ ಹುಡುಕಬೇಕು. 1800ರ ಸುಮಾರಿಗೆ ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವ ಈ ಕಲ್ಲಿಗೆ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಇಂತಹ ಮಣ್ಣಿನ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದು ಕಡಲಿಗೊಯ್ಯುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಹುಳಿಮಣ್ಣು. ರಂಜಕವನ್ನು ಹಾಕಿದರೂ ಅದು ಗಿಡಕ್ಕೆ ಸುಲಭವಾಗಿ ಬಿಟ್ಟುಕೊಡದು. ಹಟ್ಟಿಗೊಬ್ಬರವೂ ಈ ಸೆಕೆ, ತೇವಗಳಲ್ಲಿ ಬೇಗನೆ ಕರಗುತ್ತದೆ. ಇದ್ದಿಲು ಹಾಗಲ್ಲ. ಅದರ ಸೂಕ್ಷ್ಮ ರಂಧ್ರಗಳು ನೀರನ್ನೂ ಸಾರವನ್ನೂ ಹಿಡಿದಿಡುತ್ತವೆ, ಜೊತೆಗಿರುವ ಬೂದಿ ಹುಳಿಯನ್ನು ತಗ್ಗಿಸುತ್ತದೆ, ಮತ್ತು ಅದು ಶತಮಾನಗಳ ಕಾಲ ಅಳಿಯದೆ ಉಳಿಯಬಲ್ಲದು.

ಶತಮಾನಗಳೆಂಬುದು ಬಾಯಿಮಾತಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ತೀರದ ಮಣ್ಣೂ ಮಳೆ ತೊಳೆದ ಬಡಮಣ್ಣೇ. 1542ರಲ್ಲಿ ಒರೆಲಾನನ ದಂಡಿನೊಂದಿಗೆ ಆ ನದಿಯನ್ನಿಳಿದ ಕಾರ್ವಾಹಾಲ್ ಎಂಬ ಪಾದ್ರಿ, ದಡದುದ್ದಕ್ಕೂ ತುಂಬಿದ ಊರುಗಳನ್ನು ಕಂಡೆನೆಂದು ಬರೆದನು. ಆ ಕಾಡಿನ ನೆಲ ಅಷ್ಟು ಜನರನ್ನು ಸಾಕಲಾರದೆಂದು ಮುಂದಿನವರು ಅವನ ಸಾಕ್ಷ್ಯವನ್ನು ತಳ್ಳಿಹಾಕಿದರು. ಆದರೆ ಅಲ್ಲಲ್ಲಿ ಕಪ್ಪುಮಣ್ಣಿನ ತುಂಡುಭೂಮಿಗಳಿದ್ದವು. ಅಗೆದರೆ ಇದ್ದಿಲು, ಮೀನಿನ ಮೂಳೆ, ಮಡಕೆಯ ಚೂರು. 1966ರಲ್ಲಿ ಡಚ್ ಮಣ್ಣುತಜ್ಞ ವಿಮ್ ಸೊಂಬ್ರೂಕ್ ತನ್ನ ಗ್ರಂಥದಲ್ಲಿ ಇವನ್ನು ವಿವರಿಸಿದ ಬಳಿಕ ವಿದ್ವಾಂಸರ ಕಣ್ಣು ಅತ್ತ ಹೊರಳಿತು. ಅವುಗಳಲ್ಲಿ ಕೆಲವು ಎರಡು ಸಾವಿರ ವರ್ಷಗಳಷ್ಟು ಹಳೆಯವು. ಕಾಗದಪತ್ರಗಳಿಲ್ಲದ ಜನರಿಗೆ ಅವರ ಒಲೆಯ ಕರಿಯೇ ಅನುಭೋಗದ ದಾಖಲೆಯಾಯಿತು! ಗಡಿಯಾಚೆಯ ಕನ್ನಡಿಗರು ಈ ಸಂಗತಿಯನ್ನು ಎರಡು ಬಾರಿ ಓದಿಯಾರು.

ಇಂದು ‘ಬಯೋಚಾರ್’ ಎಂಬ ಹೊಸ ಹೆಸರಿನಲ್ಲಿ ಬಂದಿರುವುದು ಇದೇ ವಿದ್ಯೆಯ ತಿದ್ದಿದ ಪಾಠ. ಬಾಯಿ ಅಗಲವಾದ ಕುಳಿಯಲ್ಲಿ ಗೆರಟೆ, ಕಡ್ಡಿಗಳನ್ನು ಉರಿಸುತ್ತ, ಬೂದಿಗಟ್ಟುವ ಮೊದಲೇ ಮೇಲೆ ಮೇಲೆ ತುಂಬಿಸಿ, ಕೊನೆಗೆ ನೀರು ಹೊಯ್ದು ಆರಿಸುತ್ತಾರೆ. ಮಣ್ಣು ಸುಡದಿರುವುದರಿಂದ ಅದರ ಸತ್ವ ಉಳಿಯುತ್ತದೆ. ಈ ಮಟ್ಟಿಗೆ ಹೊಸ ಕ್ರಮವೇ ಮೇಲೆನ್ನಬೇಕು. ಹಸಿ ಇದ್ದಿಲನ್ನು ಹಾಗೆಯೇ ಬುಡಕ್ಕೆ ಹಾಕಿದರೆ ಅದು ಮಣ್ಣಿನ ಸಾರಜನಕವನ್ನು ತಾನೇ ಹೀರಿ ಗಿಡ ಸೊರಗಬಹುದು. ಆದುದರಿಂದ ಗಂಜಳದಲ್ಲೋ ಸಗಣಿ ನೀರಿನಲ್ಲೋ ನೆನೆಸಿ, ಇಲ್ಲವೆ ಗೊಬ್ಬರದ ಗುಂಡಿಗೆ ಸೇರಿಸಿ ಅನಂತರ ಬಳಸುವುದು ಲೇಸು. ಜತ್ತ, ಸೊಲ್ಲಾಪುರಗಳ ಕಡೆಯ ವಾಚಕರು ಮಾತ್ರ ಇದನ್ನು ಕಣ್ಣುಮುಚ್ಚಿ ಅನುಸರಿಸಬಾರದು. ಅಲ್ಲಿಯ ಸುಣ್ಣಭರಿತ ಕರಿಭೂಮಿಗೆ ಹುಳಿ ಕಳೆಯುವ ಬೂದಿಯ ಅಗತ್ಯವಿಲ್ಲ.

ಅಡ್ಕದ ಬುಡದಲ್ಲಿ ಈಗ ಹೊಗೆಯ ವಾಸನೆ ಬದಲಾಗುತ್ತಿದೆ. ತರಗೆಲೆಯೊಡನೆ ಹಾಲಿನ ಪೊಟ್ಟಣ, ಮಿಠಾಯಿಯ ಕಾಗದ, ಹರಿದ ಚಪ್ಪಲಿಗಳೂ ರಾಶಿಗೆ ಬೀಳುತ್ತವೆ. ಮಣ್ಣು ಮುಚ್ಚಲು ಪುರುಸೊತ್ತಿಲ್ಲದೆ ರಾಶಿ ಬುಗ್ಗನೆ ಉರಿದು ಬಿಳಿಬೂದಿಯಾಗುತ್ತದೆ. ಅಂತಹ ಬೂದಿಯನ್ನು ಬಸಳೆಯ ಬುಡಕ್ಕೆ ಹಾಕಲು ಹೆದರುವ ಹಿರಿಯರು ಹಲವರು. ಗುಡಿಸುವ ಕೈಗಳು ಮುಪ್ಪಾಗಿವೆ. ಕೆಲವು ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಸುಡುಮಣ್ಣೆಂಬ ಪದವೂ ಹೊಸತು. ಹಾಗಿದ್ದೂ ನೀರ್ಚಾಲಿನ ಆಚೆ ಒಳರಸ್ತೆಗಳಲ್ಲಿ ಇನ್ನೂ ಕೆಲವು ಹಿತ್ತಿಲುಗಳಲ್ಲಿ ಸಂಜೆ ಗುಪ್ಪೆಯ ಪಕ್ಕ ಯಾರಾದರೂ ಕುಕ್ಕುರುಗಾಲಲ್ಲಿ ಕುಳಿತಿರುತ್ತಾರೆ, ಕೈಯಲ್ಲಿ ಕಡ್ಡಿ ಹಿಡಿದು, ಕಿಡಿ ಮೇಲೇಳುವ ಕಡೆಗೆ ಒಂದು ಬೊಗಸೆ ಮಣ್ಣೆಸೆಯುತ್ತ.