ಪಹಣಿಯಲ್ಲಿಲ್ಲದ ಹೆಸರುಗಳು

ಮದ್ದೂರು ಅಂದ ಕೂಡಲೇ ರೈಲಿನಲ್ಲಿ ಓಡಾಡಿದವರಿಗೆ ವಡೆ ನೆನಪಾಗುತ್ತದೆ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 80 ಕಿಲೋಮೀಟರ್ ಬಂದರೆ ಈ ಊರು. ಪಕ್ಕದಲ್ಲೇ ಶಿಂಷಾ ನದಿ. ಸುತ್ತಮುತ್ತ ಕಬ್ಬು, ಭತ್ತ, ತೆಂಗು. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರವೂ ಇಲ್ಲೇ ಇದೆ. ಮದ್ದೂರಿಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು. ನಮ್ಮ ರಾಜ್ಯದ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ಈ ತಾಲ್ಲೂಕಿನಲ್ಲಿ.

ದಸರಾ ರಜೆಯಲ್ಲಿ ಆರನೇ ತರಗತಿಯ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ನನ್ನ ಸೋದರತ್ತೆಯ ಊರು ಮದ್ದೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಬೆಳೆ ಸಾಲಕ್ಕೆ ಅರ್ಜಿ ಹಾಕಲು ಅತ್ತೆಗೆ ಪಹಣಿ ಬೇಕಿತ್ತು. ಮೂವರೂ ಬೆಳಿಗ್ಗೆ ಬಸ್ಸು ಹತ್ತಿದೆವು.

“ಪಹಣಿ ಅಂದ್ರೆ ಏನಪ್ಪಾ?” ಎಂದು ಮಗಳು ದಾರಿಯಲ್ಲೇ ಶುರುಮಾಡಿದಳು.

“ನಿನಗೆ ಆಧಾರ್ ಕಾರ್ಡು ಇದ್ದ ಹಾಗೆ ಹೊಲಕ್ಕೆ ಪಹಣಿ” ಎಂದೆ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಎಷ್ಟು ಗುಂಟೆ, ಯಾರ ಹೆಸರಿನಲ್ಲಿದೆ, ಯಾವ ಬೆಳೆ, ನೀರು ಎಲ್ಲಿಂದ, ಜಮೀನಿನ ಮೇಲೆ ಸಾಲ ಇದೆಯೇ, ಇಷ್ಟೂ ಆ ಒಂದು ಹಾಳೆಯಲ್ಲಿ ಇರುತ್ತದೆ. ಉದ್ದ ಅಗಲ ಎರಡೂ 33 ಅಡಿ ಇದ್ದರೆ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಮಗಳು ಕಿಟಕಿಯಾಚೆ ಓಡುತ್ತಿದ್ದ ಗದ್ದೆಗಳನ್ನು ನೋಡುತ್ತಾ ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು.

ಮೊದಲು ಈ ವಿವರವೆಲ್ಲ ಕೈಬರಹದ ಪುಸ್ತಕಗಳಲ್ಲಿತ್ತು. ಪುಸ್ತಕಗಳು ಗ್ರಾಮ ಲೆಕ್ಕಿಗರ ಬಳಿ ಇರುತ್ತಿದ್ದವು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು. ಒಬ್ಬೊಬ್ಬರ ಪಾಲಿಗೆ ಮೂರು ನಾಲ್ಕು ಹಳ್ಳಿ. ಪಹಣಿ ಬೇಕೆಂದರೆ ಮೊದಲು ಅವರು ಇವತ್ತು ಯಾವ ಹಳ್ಳಿಯಲ್ಲಿದ್ದಾರೆಂದು ಹುಡುಕಬೇಕು. “ನಿಮ್ಮ ಮಾವ ಒಂದು ಪಹಣಿಗೆ ಮೂರು ದಿನ ತಿರುಗಿದ್ರು ಕನ್ ಮಗ. ಕೈ ಬೆಚ್ಚಗೆ ಮಾಡ್ದೆ ಕೆಲಸ ಆಗ್ತಿರ್ಲಿಲ್ಲ” ಎಂದರು ಅತ್ತೆ. ಪುಸ್ತಕ ಯಾರ ಕೈಯಲ್ಲಿದೆಯೋ ಅವರು ಬರೆದದ್ದೇ ಲೆಕ್ಕ. ಅದರಲ್ಲಿ ಏನಿದೆಯೆಂದು ರೈತನಿಗೆ ತಿಳಿಯುವ ದಾರಿಯೇ ಇರಲಿಲ್ಲ.

‘ಭೂಮಿ’ ಬಂದ ಮೇಲೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳು ಪುಸ್ತಕದಿಂದ ಕಂಪ್ಯೂಟರಿಗೆ ಹೋದವು. ಪ್ರತಿ ತಾಲ್ಲೂಕು ಕಚೇರಿಯಲ್ಲೂ ಒಂದು ಕಿಟಕಿ ತೆರೆಯಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕಿಟಕಿಯಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದರು. ಒಳಗಿನವರು ನೋಡುವುದನ್ನು ಹೊರಗಿನವರೂ ನೋಡಲಿ ಎಂದು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಉಳಿಯುತ್ತದೆ. ಖಾತೆ ಬದಲಾವಣೆಯ ಅರ್ಜಿಗಳಿಗೂ ಸರತಿಯ ನಿಯಮ ಬಂತು: ಮೊದಲು ಕೊಟ್ಟವರದ್ದು ಮೊದಲು. ಈಗಂತೂ ಸರ್ವೆ ನಂಬರು ಗೊತ್ತಿದ್ದರೆ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಪಹಣಿ ನೋಡಬಹುದು.

ನಮ್ಮ ಸರತಿ ಬೇಗನೇ ಬಂತು. ಹಾಳೆಯನ್ನು ಮಗಳೇ ಗಟ್ಟಿಯಾಗಿ ಓದಿದಳು. ಎರಡು ಎಕರೆ ಹತ್ತು ಗುಂಟೆ. ಮಾಲೀಕರ ಕಲಂನಲ್ಲಿ ಅತ್ತೆಯ ಮಾವನವರ ಹೆಸರಿತ್ತು. ಅವರು ತೀರಿಕೊಂಡು ಇಪ್ಪತ್ತು ವರ್ಷ ದಾಟಿದೆ. ಅವರ ಮಗ, ಅಂದರೆ ಅತ್ತೆಯ ಗಂಡ, ಹೋಗಿಯೂ ಆರು ವರ್ಷವಾಯಿತು. ಅಲ್ಲಿಂದೀಚೆಗೆ ಉಳುಮೆ, ನಾಟಿ, ಕಟಾವು ಎಲ್ಲವನ್ನೂ ಮಾಡಿಸುತ್ತಿರುವವರು ಅತ್ತೆ.

“ಕಂಪ್ಯೂಟರಿಗೆ ಅಜ್ಜಿ ಯಾರು ಅಂತ ಗೊತ್ತೇ ಇಲ್ವಾ?” ಎಂದಳು ಮಗಳು.

“ಯಾರೂ ಹೇಳಿಲ್ವಲ್ಲ ಮಗ” ಎಂದರು ಅತ್ತೆ ನಗುತ್ತಾ. ಆದರೆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕುವಾಗ ಅವರ ಮುಖದಲ್ಲಿ ನಗು ಉಳಿದಿರಲಿಲ್ಲ. ಹೆಸರಿಲ್ಲದಿದ್ದರೆ ಸಾಲ ಸಿಗುವುದಿಲ್ಲ. ಬೆಳೆ ಹಾಳಾದರೆ ಪರಿಹಾರವೂ ಪಹಣಿಯಲ್ಲಿ ಹೆಸರಿರುವವರಿಗೇ.

ಕಿಟಕಿಯಲ್ಲಿದ್ದ ಹುಡುಗಿ ಸಮಾಧಾನದಿಂದ ವಿವರಿಸಿದಳು. “ಪೌತಿ ಖಾತೆ ಮಾಡಿಸಿ ಅಮ್ಮ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಯಾರನ್ನೂ ಬಿಡಬೇಡಿ.”

ಸಂಜೆ ಊರಿನ ಜಗಲಿಯ ಮೇಲೆ ವಂಶವೃಕ್ಷದ ಕೆಲಸ ಶುರುವಾಯಿತು. ಹೇಳುವವರು ಅತ್ತೆಯ ಚಿಕ್ಕಮಾವ, ಎಂಬತ್ತು ದಾಟಿದ ಹಿರಿಯರು. ಬರೆಯುವವಳು ನನ್ನ ಮಗಳು. ತಾತ ಕಣ್ಣು ಮುಚ್ಚಿಕೊಂಡೇ ನಾಲ್ಕು ತಲೆಮಾರು ಹೇಳಿದರು. ಯಾವ ಕವಲು ಯಾವ ಊರಿಗೆ ಹೋಯಿತು, ಯಾವ ಬದು ಯಾರ ಕಾಲದಲ್ಲಿ ಹಾಕಿದ್ದು, ಹೊಲದ ಗಡಿಕಲ್ಲು ಯಾವ ಬೇವಿನ ಮರದ ಬುಡದಲ್ಲಿ ಹೂತುಹೋಗಿದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಯಾವ ಪರದೆಯ ಮೇಲೂ ಇಲ್ಲದ ದಾಖಲೆ ಅದು.

ಮಗಳು ಬರೆದದ್ದನ್ನು ಒಮ್ಮೆ ನೋಡಿ ಕೇಳಿದಳು: “ತಾತ, ಎಲ್ಲಾ ಗಂಡುಮಕ್ಕಳೇ ಇದ್ದಾರಲ್ಲ! ಯಾರಿಗೂ ಹೆಣ್ಣುಮಕ್ಕಳೇ ಇರಲಿಲ್ವಾ?”

ತಾತ ಕಣ್ಣು ಬಿಟ್ಟರು. “ಇದ್ರು ಕನವ್ವ. ಮದುವೆ ಮಾಡಿ ಕಳಿಸ್ದೊ.”

“ಅವರನ್ನೂ ಬರೀಬೇಕಂತೆ” ಎಂದರು ಅತ್ತೆ. ಅತ್ತೆಯ ಮಾವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವರ ಹೆಸರು ಎಲ್ಲರಿಗೂ ಗೊತ್ತಿತ್ತು. ಚಿಕ್ಕವರನ್ನು ಎಲ್ಲರೂ ‘ಚಿಕ್ಕೂಸು’ ಎಂದೇ ಕರೆದವರು. ನಿಜವಾದ ಹೆಸರು ತಾತನಿಗೂ ನೆನಪಾಗಲಿಲ್ಲ. ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಟ್ಟಿದ ಮನೆಯಲ್ಲೇ ಒಬ್ಬರ ಹೆಸರು ಕಳೆದುಹೋಗಿತ್ತು.

ಕೊನೆಗೆ ಅವರ ಮೊಮ್ಮಗನಿಗೆ ಫೋನ್ ಹಚ್ಚಿದೆವು. ಅವನು ಅಜ್ಜಿಗೇ ಕೊಟ್ಟ. ಆ ಕಡೆಯಿಂದ ಬಂದ ಹೆಸರನ್ನು ಮಗಳು ಎರಡು ಸಲ ಕೇಳಿ, ಒತ್ತಕ್ಷರ ತಪ್ಪದಂತೆ ಬರೆದು, ಗಟ್ಟಿಯಾಗಿ ಓದಿ ಹೇಳಿದಳು. “ಹೂಂ ಕನವ್ವ, ಅದೇಯ” ಎಂದಿತು ದೂರದ ದನಿ.

ಅರ್ಜಿ ಹೋಗಿದೆ. ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು ವಿಚಾರಿಸುತ್ತಾರೆ, ತಕರಾರಿದ್ದವರಿಗೆ ಹೇಳಲು ಅವಕಾಶ ಕೊಡುತ್ತಾರೆ, ಆಮೇಲೆ ಖಾತೆ. ನಿಮ್ಮ ಮನೆಯಲ್ಲೂ ಒಬ್ಬ ತಾತನೋ ಅಜ್ಜಿಯೋ ಇದ್ದರೆ, ಮಕ್ಕಳೇ, ಈ ಭಾನುವಾರ ಒಂದು ನೋಟ್‌ಬುಕ್ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ. ಹೆಣ್ಣುಮಕ್ಕಳ ಹೆಸರನ್ನು ಮರೆಯದೆ ಕೇಳಿ.